ದೊರೆಯ ಕಾಗದದಲ್ಲಿದ್ದ ಹೆಸರು

ಜೊಹರಾ, ನಿನ್ನ ಉಪ್ಪ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವಳು ನಾನು.

ಇಷ್ಟು ಬರೆಯಲು ನನಗೆ ಹದಿನೇಳೋ ಹದಿನೆಂಟೋ ವರ್ಷ ಬೇಕಾಯಿತು. ಬರೆದ ಮೇಲೆ ಪೆನ್ನು ಕೆಳಗಿಟ್ಟು ಒಳಗೆ ಹೋಗಿ ಒಂದು ಗ್ಲಾಸು ನೀರು ಕುಡಿದೆ. ಆಮೇಲೆ ಹಸಿವಾಯಿತು. ಬೆಳಿಗ್ಗೆಯ ನೀರುದೋಸೆ ಎರಡು ಉಳಿದಿದ್ದವು, ಬೆಲ್ಲ ಹಚ್ಚಿಕೊಂಡು ನಿಂತಲ್ಲೇ ತಿಂದೆ. ತಪ್ಪೊಪ್ಪಿಕೊಳ್ಳುವವಳಿಗೆ ಇಷ್ಟು ಹಸಿವಾಗಬಾರದೇನೋ.

ಇದನ್ನು ನಿನಗೊಬ್ಬಳಿಗೇ ಬರೆದು ಸುಮ್ಮನಿರಬಹುದಿತ್ತು. ಆದರೆ ನನ್ನ ಸುಳ್ಳು ಮನೆಯೊಳಗೆ ಉಳಿದದ್ದಲ್ಲ, ಸಭೆಯಲ್ಲಿ ಶಾಲು ಹೊದ್ದು ನಿಂತದ್ದು. ಮೊದಲು ನೀನು ಓದು. ನೀನು ಒಪ್ಪಿದರೆ ನಾಲ್ಕು ಜನ ಓದಲಿ. ಅವರಿಗೆ ತಿಳಿಯಬೇಕಲ್ಲ, ಹಾಗಾಗಿ ನಿನಗೆ ಗೊತ್ತಿರುವುದನ್ನೂ ಸೇರಿಸಿ ಹೇಳುತ್ತೇನೆ.

ಕೊಟ್ಟಾರದ ನಮ್ಮ ಮನೆಯ ಚಾವಡಿಯಲ್ಲಿ, ದೇವರ ಪಟಗಳ ಸಾಲಿನ ಕೊನೆಗೆ, ಗಾಜು ಹಾಕಿದ ಒಂದು ಕಾಗದ ತೂಗುತ್ತಿತ್ತು. ನೇತ್ರಾವತಿ ಹೊಳೆಗೆ ರೈಲು ಸಂಕ, ಅಂದರೆ ಸೇತುವೆ, ಹಾಕಿದ ಇಂಗ್ಲಿಷ್ ದೊರೆಯ ಕೈಬರಹ ಅದು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ರೈಲು ದಾರಿ, ಸೇತುವೆ ಕಟ್ಟಿ ಆತ ತನ್ನ ದೇಶದಲ್ಲಿ ದೊಡ್ಡ ಹೆಸರು ಮಾಡಿದವನಂತೆ. ಅಲ್ಲಿ ಆತನ ಕಲ್ಲಿನ ಮೂರ್ತಿಯೂ ಉಂಟಂತೆ. ರಾಣಿ ತೀರಿಹೋಗಿ, ತನ್ನ ತಲೆಯೂ ನೆರೆತ ಮೇಲೆ ನಮ್ಮ ಹೊಳೆಗೆ ಬಂದವನು. ನಮ್ಮ ಮನೆಯಲ್ಲಿ ಅವನಿಗೆ ಬೇರೆ ಹೆಸರೇ ಇಲ್ಲ — ‘ಸಂಕದ ದೊರೆ’. ನನ್ನ ಮಾವನ ಅಜ್ಜ ತನಿಯಪ್ಪ ಅವನ ಕೈಕೆಳಗೆ ಮೇಸ್ತ್ರಿಯಾಗಿದ್ದರು. ಪ್ರವಾಹದಲ್ಲಿ ವಾಲಿದ ಕಬ್ಬಿಣದ ಗರ್ಡರನ್ನು ಅವರೇ ಎತ್ತಿಸಿ ಕೂರಿಸಿದರು, ಅದಕ್ಕೇ ದೊರೆ ಹೊಗಳಿ ಬರೆದುಕೊಟ್ಟ — ಇದು ಮನೆಯ ಕಥೆ. ಕಾಗದವನ್ನು ಮಾತ್ರ ಯಾರೂ ಓದಿರಲಿಲ್ಲ. ಹಳೆಯ ಇಂಗ್ಲಿಷ್, ಮಳೆಹುಳದ ಸಾಲಿನ ಹಾಗೆ ಒಂದಕ್ಕೊಂದು ಕೂಡಿಕೊಂಡ ಅಕ್ಷರ.

ಮದುವೆಯಾಗಿ ಬಂದ ಮೂರನೇ ವಾರ ಮಾವ ಕುರ್ಚಿ ಹತ್ತಿ ಅದನ್ನು ಇಳಿಸಿದರು. ಕಾನ್ವೆಂಟಿನಲ್ಲಿ ಕಲಿತ ಸೊಸೆ ಬಂದಿದ್ದಾಳೆಂದು ನೆರೆಯವರನ್ನೂ ಕರೆದಿದ್ದರು. ಗಾಜನ್ನು ಪಂಚೆಯ ಅಂಚಿನಿಂದ ಒರೆಸಿ ನನ್ನ ಮಡಿಲಲ್ಲಿಟ್ಟು, “ಓದು ಮಗಾ” ಎಂದರು.

ನಾಲ್ಕು ಗೆರೆಯ ಪುಸ್ತಕದಲ್ಲಿ ಸಿಸ್ಟರ್ ನಮ್ಮಿಬ್ಬರಿಂದ ಎಷ್ಟು ಕೂಡಕ್ಷರ ಬರೆಸಿದ್ದರು, ನೆನಪುಂಟಾ? ನಾನು ಸಲೀಸಾಗಿ ಓದಿದೆ — ಮನಸ್ಸಿನಲ್ಲಿ. ದೊರೆ ಬರೆದದ್ದು ಇಷ್ಟು: ನನ್ನ ದೇಶದಲ್ಲಿ ಎಷ್ಟೋ ನದಿ ದಾಟಿಸಿದ್ದೇನೆ. ಇಲ್ಲಿ ನನ್ನ ಉಗಿಯಂತ್ರ ಕೈಸೋತ ದಿನ ಭಾರ ಎತ್ತುವ ಮೊಯಿದಿನ್ ಖಲಾಸಿ ಮತ್ತು ಅವನ ಜನರು ಹಗ್ಗ, ಮರದ ರಾಟೆ, ತಮ್ಮ ಹಾಡು — ಇಷ್ಟರಿಂದಲೇ ಗರ್ಡರನ್ನು ಮೇಲೆತ್ತಿದರು. ಈ ಸಂಕದ ಮೇಲೆ ನನ್ನ ಹೆಸರು ನಿಲ್ಲುವುದಾದರೆ ಅವನದೂ ನಿಲ್ಲಬೇಕು. ಅವನಿಗೆ ಓದಲು ಬಾರದು. ಮೇಸ್ತ್ರಿ ಈ ಕಾಗದವನ್ನು ಅವನಿಗೆ ತಲುಪಿಸಿ, ಯಾರಿಂದಾದರೂ ಓದಿ ಹೇಳಿಸಲಿ.

ತಲೆ ಎತ್ತಿದೆ. ಮಾವ ಕೈಕಟ್ಟಿ ನಿಂತಿದ್ದರು, ಶಾಲೆಯ ಮಕ್ಕಳ ಹಾಗೆ. ಅವರ ಅಂಗಿಯ ಮೇಲಿನ ಗುಂಡಿ ಬೇರೆ ಬಣ್ಣದ್ದಾಗಿತ್ತು — ಅತ್ತೆ ಹೋದ ಮೇಲೆ ಅವರೇ ಹೊಲಿದುಕೊಂಡದ್ದಿರಬೇಕು. ನಾನು ಆ ಗುಂಡಿಯನ್ನು ನೋಡುತ್ತಲೇ ಜೋರಾಗಿ, ಕನ್ನಡ ಮಾಡಿ ಓದತೊಡಗಿದೆ. ಮೊಯಿದಿನ್ ಎಂದಿದ್ದಲ್ಲಿ ತನಿಯಪ್ಪ ಎಂದೆ. ಕೊನೆಯ ಸಾಲು ಬಿಟ್ಟೆ. ನೆರೆಯ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು.

ಅದನ್ನು ಹೊಸ ಮದುಮಗಳ ಹೆದರಿಕೆ ಎನ್ನಬಹುದಿತ್ತು. ಅಲ್ಲಿಗೇ ನಿಂತಿದ್ದರೆ —

ಮೊಯಿದಿನ್ ಯಾರೆಂದು ನನಗೆ ಆಗಲೇ ಗೊತ್ತಿತ್ತು ಜೊಹರಾ. ನಿನ್ನ ಉಪ್ಪನ ಕಥೆ ಕೇಳದವರು ಕಂಕನಾಡಿಯಲ್ಲಿ ಯಾರಿದ್ದರು? ಶಾಲೆಯಿಂದ ಬರುವಾಗ ಮಾರ್ಕೆಟಿನ ಹತ್ತಿರ ನಿಮ್ಮ ಹಗ್ಗದ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದೆವಲ್ಲ. ನಿನ್ನ ಅಪ್ಪ, ನಿನಗೆ ಉಪ್ಪ, ನಮಗೆಲ್ಲ ಹಸನಾಕ, ತೆಂಗಿನ ನಾರಿನ ಸುರುಳಿಗಳ ನಡುವೆ ಕೂತು, ತನ್ನ ಅಜ್ಜ ಮೊಯಿದಿನ್ ಖಲಾಸಿ ಸಂಕ ಎತ್ತಿದ್ದನ್ನು ಹೇಳದ ದಿನ ಇಲ್ಲ. ಕೇಳುವವರು ನಗುತ್ತಿದ್ದರು. ಮುಪ್ಪಿನಲ್ಲಿ ಅವರು ಹಗ್ಗದ ಕಟ್ಟು ಎತ್ತಲು ಏದುಸಿರು ಬಿಡುವಾಗ ಎದುರಿನ ತರಕಾರಿಯವನು, “ಸಂಕ ಎತ್ತಿದ ಮನೆಯವರಿಗೆ ಇದು ಎಂತ ಭಾರ ಮಾರಾಯ್ರೆ?” ಎಂದು ಕೂಗುತ್ತಿದ್ದ. ಹಸನಾಕ ತಾವೂ ನಗುತ್ತಿದ್ದರು. ನೀನು ಮಾತ್ರ ನಗುತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು, ಅದೆಲ್ಲ ನಿಜ ವನಜಾ, ನಮ್ಮ ಉಪ್ಪ ಸುಳ್ಳು ಹೇಳುವವರಲ್ಲ ಎಂದು ನನ್ನ ಹತ್ತಿರ ಮತ್ತೆ ಮತ್ತೆ ಹೇಳುತ್ತಿದ್ದಿ.

ಸಂಕಕ್ಕೆ ನೂರು ತುಂಬಿತೆಂದು ಊರಿನ ಕೆಲವರು ಸೇರಿ ಒಂದು ಸಣ್ಣ ಸಭೆ ಮಾಡಿದರು. ಸಂಕ ಕಟ್ಟಿದವರ ಮನೆಯೆಂದು ನಮ್ಮ ಮಾವನಿಗೆ ಶಾಲು ಹೊದಿಸುವುದೆಂದಾಯಿತು. ಹಿಂದಿನ ದಿನ ಮಧ್ಯಾಹ್ನ ಹಸನಾಕ ನಮ್ಮ ಮನೆಗೆ ಬಂದರು. ನೀನಾಗ ಮಸ್ಕತ್ತಿನಲ್ಲಿದ್ದಿ. ಬೇಡವೆಂದರೂ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದು ಕುರ್ಚಿಯ ಅಂಚಿನಲ್ಲಿ ಕೂತರು. ಒಳಗೆ ಮಾವ ಮರುದಿನದ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಗಂಜಿಯ ವಾಸನೆ ಚಾವಡಿಗೆ ಬರುತ್ತಿತ್ತು.

ಹಸನಾಕ ಹೆಗಲ ಮೇಲಿನ ಬೈರಾಸು ಬಟ್ಟೆಯ ತುದಿಯಲ್ಲಿ ಒಂದು ಗಂಟು ಹಾಕಿದರು. ಎಳೆದರೆ ಬಿಗಿಯಾಗುವುದು, ಒಂದು ಬದಿ ತಟ್ಟಿದರೆ ತಾನೇ ಬಿಚ್ಚಿಕೊಳ್ಳುವುದು. ಇದು ಅಜ್ಜ ಕಲಿಸಿದ ಗಂಟು, ಸಂಕಕ್ಕೆ ಹಾಕಿದ್ದು ಇದನ್ನೇ ಎಂದರು. ಹಾಕಿದರು, ಬಿಚ್ಚಿದರು. ಆಮೇಲೆ ಗೋಡೆಯ ಕಡೆ ನೋಡಿ ಕೇಳಿದರು:

“ಮಗಳೇ, ಜೊಹರಾ ಫೋನಿನಲ್ಲಿ ಹೇಳಿದಳು, ವನಜನ ಹತ್ತಿರ ಕೇಳಿ, ಅವಳು ಸರಿಯಾಗಿ ಓದ್ತಾಳೆ ಅಂತ. ಅದರಲ್ಲಿ ಮೊಯಿದಿನ್ ಅಂತ ಒಂದು ಹೆಸರು ಉಂಟಾ?”

ನಾನು ಕುರ್ಚಿ ಹತ್ತಿ ಕಾಗದದ ಹತ್ತಿರ ಮುಖ ಹಿಡಿದೆ. ಓದುವವಳ ಹಾಗೆ ತುಟಿ ಅಲ್ಲಾಡಿಸಿದೆ. ಹೆಸರು ಮೂರನೆಯ ಸಾಲಿನಲ್ಲಿತ್ತು, ನನ್ನ ಕಣ್ಣಿನ ನೇರಕ್ಕೆ. ಒಳಗೆ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ ಸದ್ದಾಯಿತು.

“ಇಲ್ಲ ಹಸನಾಕ,” ಎಂದೆ.

ಅವರು ಬೈರಾಸಿನ ತುದಿಯನ್ನು ನೇರ ಮಾಡಿಕೊಂಡರು. “ಇಲ್ಲದಿದ್ರೆ ಇಲ್ಲ. ನೀನು ಸುಳ್ಳು ಹೇಳ್ಲಿಕ್ಕಿಲ್ಲ,” ಎಂದು ಎದ್ದರು. ಚಹಾ ಕುಡಿದೇ ಹೋದರು — ಬೇಡವೆಂದರೆ ನನಗೆ ಬೇಸರವಾಗುತ್ತದೆಂದು.

ಮರುದಿನ ಮಾವ ಶಾಲು ಹೊದ್ದರು. ಹಸನಾಕ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದುದನ್ನು ನಾನು ನೋಡಿದೆ.

ಅದೂ ನನ್ನ ದೊಡ್ಡ ತಪ್ಪಲ್ಲ. ದೊಡ್ಡದು ನಿನಗೆ ಸಂಬಂಧಿಸಿದ್ದು. ವಾರದ ಬಳಿಕ ನೀನು ಮಸ್ಕತ್ತಿನಿಂದ ಫೋನ್ ಮಾಡಿ ನನಗೆ ಥ್ಯಾಂಕ್ಸ್ ಹೇಳಿದ್ದಿ. ಉಪ್ಪನಿಗೆ ನಾನೇ ಹೇಳಿಬಿಟ್ಟೆ ಎಂದಿ ನೀನು — ವನಜ ಓದಿ ನೋಡಿದ್ದಾಳೆ, ಇನ್ನಾದರೂ ಆ ಕಥೆ ಬಿಡಿ, ಜನ ನಗ್ತಾರೆ ಅಂತ. ಊರೆಲ್ಲ ನಕ್ಕರೂ ಅವರನ್ನು ನಂಬಿದವಳು ನೀನೊಬ್ಬಳೇ. ನಿನ್ನ ಬಾಯಿಂದಲೇ ಆ ಮಾತು ಹೇಳಿಸಿದವಳು ನಾನು. ಆಮೇಲೆ ಹಸನಾಕ ಆ ಕಥೆಯನ್ನು ಯಾರಿಗೂ ಹೇಳಲಿಲ್ಲವಂತೆ. ತರಕಾರಿಯವನು ಕೆಣಕಿದರೂ ಸುಮ್ಮನೆ ಹಗ್ಗ ಸುತ್ತುತ್ತಿದ್ದರಂತೆ. ಎರಡು ವರ್ಷ ಹಾಗೇ ಇದ್ದು ತೀರಿಹೋದರು.

ನಾನು ಬಾಯಿ ಬಿಡಲಿಲ್ಲ. ಮಾವ ತೀರಿಕೊಂಡ ಮೇಲೂ ಬಿಡಲಿಲ್ಲ. ನೀನು ಊರಿಗೆ ಬಂದು ನೆಲೆಸಿ, ಪ್ರತಿ ರಂಜಾನಿಗೆ ಖರ್ಜೂರದ ಡಬ್ಬ ಹಿಡಿದು ಬರುವಾಗಲೆಲ್ಲ ನಿನ್ನನ್ನು ಗೋಡೆಗೆ ಬೆನ್ನು ಹಾಕಿ ಕೂರಿಸುತ್ತಿದ್ದೆ. ಗಮನಿಸಿದ್ದಿಯಾ?

ಇನ್ನೊಂದು ಉಂಟು, ಹೇಳಲು ನಾಚಿಕೆಯಾಗುತ್ತದೆ. ನಮ್ಮ ಸೆಕೆಗೆ, ತೇವಕ್ಕೆ ಪಟಗಳ ಹಿಂದೆ ಬೆಳ್ಳಿಮೀನಿನಂಥ ಹುಳ ಸೇರುತ್ತದಲ್ಲ — ಹಾಗಾಗಿ ಪ್ರತಿ ಪಟದ ಹಿಂದೆಯೂ ಬಟ್ಟೆಯಲ್ಲಿ ಕಟ್ಟಿದ ನುಸಿಗುಳಿಗೆ ಇಡುತ್ತೇನೆ. ದೇವರಿಗೆ, ಅತ್ತೆಯ ಫೋಟೋಗೆ, ಕ್ಯಾಲೆಂಡರಿಗೆ ಕೂಡ. ಆ ಕಾಗದದ ಹಿಂದೆ ಮಾತ್ರ ಇಡಲಿಲ್ಲ. ಬೇಕೆಂದೇ. ಹುಳ ತಿನ್ನಲಿ, ಮೂರನೆಯ ಸಾಲನ್ನು ತಿನ್ನಲಿ ಎಂದು… ಪ್ರತಿ ವರ್ಷ ಚೌತಿಗೆ ಮುಂಚೆ ಧೂಳು ಹೊಡೆಯುವಾಗ ಎಷ್ಟು ತಿಂದಿದೆ ಎಂದು ನೋಡುತ್ತಿದ್ದೆ. ನನ್ನ ಪಾಪವನ್ನು ಹುಳದ ಬಾಯಿಗೆ ಕೊಟ್ಟು ಕಾಯುತ್ತಿದ್ದೆ.

ಕಳೆದ ತಿಂಗಳು ಕಾಲೇಜಿನ ಒಬ್ಬ ಲೆಕ್ಚರರ್ ಹುಡುಗಿ ಫೋನ್ ಮಾಡಿದಳು. ಸಂಕದ ದೊರೆಯ ಬಗ್ಗೆ ಬರೆಯುತ್ತಿದ್ದಾಳಂತೆ, ಅವನ ಕಾಗದದ ಫೋಟೋ ಬೇಕಂತೆ. ಎಲ್ಲ ಹೊರಬೀಳುತ್ತದೆಂದು ಹೆದರಿದೆ. ಪಟ ಇಳಿಸಿ ಹಿಂದಿನ ಹಲಗೆ ತೆಗೆದೆ. ಹುಳ ತನ್ನ ಕೆಲಸ ಮಾಡಿತ್ತು ಜೊಹರಾ. ಕೆಳಗಿನ ಅಂಚು ಪೂರ್ತಿ ಹೋಗಿತ್ತು — ದೊರೆಯ ಸಹಿ, ಹೆಸರು, ಹುದ್ದೆ ಎಲ್ಲ. ನಡುವೆಯೂ ಅಲ್ಲಲ್ಲಿ ತೂತು. ಮೂರನೆಯ ಸಾಲಿಗೆ ಮಾತ್ರ ಹುಳ ಬಾಯಿ ಹಾಕಿರಲಿಲ್ಲ. ಮೊಯಿದಿನ್ ಖಲಾಸಿ — ನಿನ್ನೆ ಬರೆದ ಹಾಗೆ.

ಹುಡುಗಿಗೆ ಫೋನ್ ಮಾಡಿ ಸಹಿ ಹೋಗಿದೆ ಎಂದೆ. ಅವಳು ಬೇಸರಿಸಿದಳು. ಸಹಿ ಇಲ್ಲದೆ ಅದು ದೊರೆಯದೇ ಎನ್ನಲಾಗದು ಆಂಟಿ, ಹಾಗಾದರೆ ನಾನು ಬರುವುದಿಲ್ಲ ಎಂದಳು. ಅಲ್ಲಿಗೆ ನಾನು ಬಚಾವಾದೆ. ಪಟವನ್ನು ಮತ್ತೆ ಮೊಳೆಗೆ ಸಿಕ್ಕಿಸಿದರೆ ಮುಗಿಯಿತು, ಇನ್ನು ಯಾರೂ ಕೇಳುವವರಿಲ್ಲ. ಹಲಗೆ ಕೈಯಲ್ಲಿ ಹಿಡಿದು ತುಂಬ ಹೊತ್ತು ನಿಂತೆ. ಮೂರ್ತಿಯಾಗಿ ನಿಂತ ಅಷ್ಟು ದೊಡ್ಡ ಮನುಷ್ಯನ ಹೆಸರು ಹುಳಕ್ಕೆ ಹೋಗಿತ್ತು. ಅವನು ಉಳಿಯಬೇಕೆಂದ ಹೆಸರು ನನ್ನ ಕೈಯಲ್ಲಿತ್ತು. ಹುಳವೂ ತೆಗೆಯದ ಹೆಸರನ್ನು ನಾನು ಇನ್ನೂ ಎಷ್ಟು ದಿನ…

ಸಂಜೆ ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿದರು. ಬೈಯುತ್ತಾರೆಂದು ಕಾದೆ.

“ಅಂದ್ರೆ ಬೇರೆಯವರ ಕಾಗದವನ್ನು ನಾವು ನೂರು ವರ್ಷ ಇಟ್ಟುಕೊಂಡದ್ದಾ? ಪೋಸ್ಟ್‌ಮ್ಯಾನ್ ಆಗಿದ್ರೆ ಕೆಲಸ ಹೋಗ್ತಿತ್ತು,” ಎಂದರು.

ನಾನು ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದೆ. ಸ್ವಲ್ಪ ಹೊತ್ತಾದ ಮೇಲೆ, “ಅಪ್ಪನ ಶಾಲು ಎಲ್ಲಿ ಉಂಟು?” ಎಂದು ಕೇಳಿದರು. ಗೋದ್ರೆಜ್ ಕಪಾಟಿನ ಕೆಳಗಿನ ಖಾನೆಯಿಂದ ತೆಗೆದುಕೊಟ್ಟೆ. ಮಡಿಕೆ ಮಡಿಕೆಗೂ ನುಸಿಗುಳಿಗೆ ಹಾಕಿ ಇಟ್ಟಿದ್ದೆ. ಒಂದು ಸಣ್ಣ ತೂತೂ ಇರಲಿಲ್ಲ. ನಮ್ಮವರು ಶಾಲನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿದರು. ನಾನು ಯಾವುದನ್ನು ಕಾಪಾಡಿದ್ದೆ ಎಂಬುದು ಇಬ್ಬರಿಗೂ ಕಂಡಿತು.

ತನಿಯಪ್ಪ ಮೇಸ್ತ್ರಿ ಕಾಗದವನ್ನು ಏಕೆ ತಲುಪಿಸಲಿಲ್ಲವೋ ನನಗೆ ತಿಳಿಯದು. ಮರೆತರೋ, ಬೇಕೆಂದೇ ಇಟ್ಟುಕೊಂಡರೋ, ಓದಲು ಬಾರದೆ ತಮ್ಮದೇ ಎಂದುಕೊಂಡರೋ. ಅವರ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲ. ನನಗಂತೂ ಓದಲು ಬರುತ್ತಿತ್ತು.

ಮೊನ್ನೆ ಕಾಸರಗೋಡಿಗೆ ರೈಲಿನಲ್ಲಿ ಹೋಗಿ ಬಂದೆ. ಇಷ್ಟು ವರ್ಷ ಸಂಕದ ಸದ್ದು ಬದಲಾದ ಕೂಡಲೇ ಬ್ಯಾಗಿನೊಳಗೆ ಏನೋ ಹುಡುಕುತ್ತಿದ್ದೆ. ಈ ಸಲ ಕಿಟಕಿಯ ಸರಳಿಗೆ ಮುಖ ಒತ್ತಿ ಇಡೀ ಹೊಳೆ ನೋಡಿದೆ. ಗರ್ಡರಿನ ನೆರಳುಗಳು ನನ್ನ ಕೈಮೇಲೆ ಒಂದೊಂದಾಗಿ ಹಾದುಹೋದವು. ಕೆಳಗೆ ಮರಳ ದಿಣ್ಣೆಯ ಮೇಲೆ ಸಾಲಾಗಿ ಬಿಳಿ ಕೊಕ್ಕರೆಗಳು. ಇಷ್ಟು ಚಂದದ ಹೊಳೆಯನ್ನು ನಾನೇ ನನಗೆ ಇಲ್ಲದಂತೆ ಮಾಡಿಕೊಂಡಿದ್ದೆ.

ನಿನ್ನ ಕ್ಷಮೆ ಕೇಳುತ್ತಿಲ್ಲ. ಯಾರಲ್ಲಿ ಕೇಳಬೇಕಿತ್ತೋ ಅವರು ಹಗ್ಗ ಸುತ್ತುತ್ತಲೇ ಹೋದರು. ಅದು ಇನ್ನು ಸರಿಹೋಗುವುದಲ್ಲ. ಬರುವ ಶುಕ್ರವಾರ, ನಿಮ್ಮಲ್ಲಿ ನಮಾಜು, ಊಟ ಮುಗಿದ ಮೇಲೆ ನಾವಿಬ್ಬರೂ ಕಂಕನಾಡಿಗೆ ಬರುತ್ತೇವೆ. ಶಾಲು ತರುತ್ತೇವೆ. ಕಾಗದವನ್ನು ಪಟದಿಂದ ಬಿಡಿಸಿ, ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಬಾಗಿಲು ತೆರೆಯುತ್ತಿಯೋ ಇಲ್ಲವೋ ನಿನಗೆ ಬಿಟ್ಟದ್ದು. ತೆರೆಯದಿದ್ದರೆ ಮೆಟ್ಟಿಲ ಮೇಲಿಟ್ಟು ಬರುತ್ತೇವೆ. ತೆರೆದರೆ, ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕರೆದು ಕೂರಿಸು.

ಓದು ಎಂದು ನನಗೆ ಹೇಳಬೇಡ. ನಾನು ಬಾಗಿಲ ಹತ್ತಿರ ನಿಲ್ಲುತ್ತೇನೆ. ಮೂರನೆಯ ಸಾಲು, ಎಡಗಡೆ. ನೀನೇ ಓದು, ಜೋರಾಗಿ.