ಅತ್ತೆಯ ಬೇಜಾರು ಕಳೆಯಲು ಹೋದ ದೀಪಾವಳಿ

ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ಇರುವುದು ಸೊರಬದ ಆಚೆ ಜಡೆಯಲ್ಲಿ. ಮಕ್ಕಳಿಲ್ಲ. ಮಾವ ತೀರಿಕೊಂಡು ವರ್ಷ ಕಳೆದ ಮೇಲೆ ಬಂದ ಮೊದಲ ದೀಪಾವಳಿ ಅದು. ನಾನು ಶಿಕಾರಿಪುರದಲ್ಲಿ ಹೈಸ್ಕೂಲು ಮೇಷ್ಟ್ರು. ನಲವತ್ತು ಹತ್ತಿರ ಬಂದರೂ ಮದುವೆಯಾಗಿಲ್ಲ. ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೇನೆ.

ಹಬ್ಬಕ್ಕೆ ಸ್ವಲ್ಪ ಮುಂಚೆ ನಡೆದ ಶಿಕ್ಷಕರ ತರಬೇತಿಯಲ್ಲಿ ಒಬ್ಬರು, ಹಬ್ಬದ ದಿನಗಳಲ್ಲೇ ವಯಸ್ಸಾದವರಿಗೆ ಒಂಟಿತನ ಹೆಚ್ಚು ಕಾಡುತ್ತದೆ ಎಂದು ಮಾತಾಡಿದ್ದರು. ಹಳೆಯ ಫೋಟೊ ತೋರಿಸಿ, ಹಳೆಯ ನೆನಪು ಕೆದಕಿ, ಅವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡಿ ಎಂದರು. ಎಲ್ಲವನ್ನೂ ಬರೆದುಕೊಂಡೆ. ಹೇಳದೇ ಹೋದರೆ ಖುಷಿ ಹೆಚ್ಚು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ, ಅದು ನನ್ನದೇ ಬುದ್ಧಿ.

ಅಮಾವಾಸ್ಯೆಯ ಬೆಳಿಗ್ಗೆ ಫೋಟೊ ಆಲ್ಬಮ್ಮು, ಒಂದು ಸೀರೆ, ಒಂದು ಡಬ್ಬಿ ಮೈಸೂರುಪಾಕು ಹಿಡಿದು ಹೊರಟೆ. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು, ಇನ್ನೊಂದು ಬಸ್ಸು ಹತ್ತಿ, ಮಧ್ಯಾಹ್ನದ ಹೊತ್ತಿಗೆ ಜಡೆ ಸೇರಿದೆ. ಅತ್ತೆಯ ಮನೆಗೆ ಬೀಗ! ಫೋನು ಮಾಡಿದರೆ ಅದು ಬೀಗ ಹಾಕಿದ ಮನೆಯೊಳಗೇ ರಿಂಗಾಯಿತು.

ಪಕ್ಕದ ಮನೆಯ ಹೆಂಗಸು ಹೊರಗೆ ಬಂದು ನನ್ನನ್ನು ನೋಡಿದವರೇ ಹಣೆ ಚಚ್ಚಿಕೊಂಡರು.

"ಅಯ್ಯೋ ದೇವರೇ! ನೀವು ಹಬ್ಬದಲ್ಲಿ ಒಬ್ರೇ ಇರ್ತೀರಿ, ಪಾಪ ಬೇಜಾರಾಗ್ತದೆ ಅಂತ ಅವ್ರು ಬೆಳಗ್ಗೆನೇ ಶಿಕಾರಿಪುರಕ್ಕೆ ಹೋದ್ರಲ್ಲ! ಹೇಳಿದ್ರೆ ಬೇಡ ಅಂತೀರಿ ಅಂತ ಹೇಳದೇ ಹೋದ್ರು."

ಮಹಡಿ ಮನೆಗೂ ಬೀಗ ಹಾಕಿ ಬಂದಿದ್ದೆ. ಗಾಬರಿಯಿಂದ ಕೆಳಮನೆಯ ಓನರಮ್ಮನಿಗೆ ಫೋನು ಹಚ್ಚಿದೆ. ಅವರು ಗಂಡನನ್ನು ಕಳೆದುಕೊಂಡವರು, ಎಪ್ಪತ್ತು ದಾಟಿದವರು, ಮಾತು ಬಹಳ ಕಡಿಮೆ. ನಾಲ್ಕು ವರ್ಷದಲ್ಲಿ ನಮ್ಮಿಬ್ಬರ ನಡುವೆ ನೀರು, ಕರೆಂಟು ಬಿಟ್ಟು ಬೇರೆ ಮಾತು ನಡೆದಿರಲಿಲ್ಲ.

"ಅದಾರ್ರೀ ಮೇಷ್ಟ್ರೇ, ಇಲ್ಲೇ ಅದಾರ. ಊರಿಂದ ತಂದ ಹೋಳಿಗಿ ತಿನ್ನಾಕತ್ತಾರ," ಎಂದು ಫೋನನ್ನು ಅತ್ತೆಗೆ ಕೊಟ್ಟರು.

"ಎಂತ ಮಾರಾಯ, ಅಲ್ಲಿಗೆ ಎಂತಕ್ಕೆ ಹೋದ್ಯ?" ಅತ್ತೆಯ ಬಾಯಿ ತುಂಬಿತ್ತು. "ಸೊರಬದ ಸ್ಟ್ಯಾಂಡಲ್ಲಿ ನಿನ್ನ ಹಾಂಗೇ ಒಬ್ಬ ಚಾ ಕುಡೀತಿದ್ದ. ಹೊಟ್ಟೆ ನೋಡಿ ನೀನಲ್ಲ ಅಂತ ಸುಮ್ನಾದೆ."

"ಈಗಲೇ ವಾಪಸ್ ಬರ್ತೀನಿ ಅತ್ತೆ."

"ಬೇಡ ಬೇಡ. ಹೆಂಗೂ ಹೋಗಿದ್ದೀಯಲ್ಲ, ನಾಳೆ ಗೋಪೂಜೆ ಮುಗಿಸ್ಕಂಡೇ ಬಾ. ಕೀಲಿ ಪಕ್ಕದ ಮನೇಲಿದೆ. ನಂಗಿಲ್ಲಿ ಏನೂ ತೊಂದ್ರೆ ಇಲ್ಲ."

ಹೀಗೆ ಅತ್ತೆಯ ಒಂಟಿತನ ಕಳೆಯಲು ಹೋದವನು ಅತ್ತೆಯ ಮನೆಯಲ್ಲಿ ಒಬ್ಬನೇ ಉಳಿದೆ. ಆದರೆ ಊರು ಸುಮ್ಮನಿರಲಿಲ್ಲ. ಮೇಷ್ಟ್ರು ಬೇಜಾರಿನಲ್ಲಿದ್ದಾರೆ ಎಂದು ಅತ್ತೆ ಎಲ್ಲರಿಗೂ ಹೇಳಿಯೇ ಹೋಗಿದ್ದರು. ಸಂಜೆಯೊಳಗೆ ಐದು ಮನೆಯ ಕಡುಬು ಬಂತು. ಒಬ್ಬ ಅಜ್ಜ ಜಗುಲಿಯಲ್ಲಿ ಕೂತು, ಮದುವೆಯಿಲ್ಲದೆಯೂ ಬದುಕಬಹುದು ಎಂದು ಬಹಳ ಹೊತ್ತು ಧೈರ್ಯ ಹೇಳಿದರು. ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಮರುದಿನ ಅತ್ತೆಯ ಹಸುವಿನ ಮೈ ತೊಳೆಯಲು ಹೋದರೆ ಅದು ಮೊದಲು ನನ್ನನ್ನೇ ತೊಳೆಯಿತು. ಬಕೆಟ್ಟಿಗೆ ಒದ್ದ ರಭಸಕ್ಕೆ ನೀರೆಲ್ಲ ನನ್ನ ಮೇಲೆ. ಕೊನೆಗೆ ಪಕ್ಕದ ಮನೆಯವರೇ ಬಂದು ಅದಕ್ಕೆ ಸ್ನಾನ ಮಾಡಿಸಿ, ಚೆಂಡು ಹೂವಿನ ಮಾಲೆ ಹಾಕಿದರು. ನಾನು ದೂರದಿಂದ ಆರತಿ ತೋರಿಸಿದೆ.

ಮಾರನೇ ದಿನ ಶಿಕಾರಿಪುರಕ್ಕೆ ಬಂದು ಮಹಡಿ ಹತ್ತಿದರೆ ನನ್ನ ಮನೆಯ ಗುರುತೇ ಸಿಗಲಿಲ್ಲ. ಓನರಮ್ಮನ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು ಇಬ್ಬರೂ ಸೇರಿ ಗುಡಿಸಿ ಸಾರಿಸಿದ್ದರು. ಮೂರು ವರ್ಷದ ಪೇಪರು ರದ್ದಿಗೆ ಹೋಗಿತ್ತು, ಜೊತೆಗೆ ನಾನು ತಿದ್ದಬೇಕಾಗಿದ್ದ ಎಂಟನೇ ತರಗತಿಯ ಉತ್ತರ ಪತ್ರಿಕೆಗಳೂ. ರದ್ದಿಯವನನ್ನು ಹುಡುಕಿ ಅವನ್ನು ಬಿಡಿಸಿಕೊಂಡು ಬರಲು ಅರ್ಧ ದಿನ ಹಿಡಿಯಿತು.

ಹೊರಗೆ ನಾನು ಹಬ್ಬಕ್ಕೆ ಮುಂಚೆ ಒಣಹಾಕಿದ್ದ ಬಟ್ಟೆಗಳ ಜೊತೆ ಎರಡು ಸೀರೆ ಒಣಗುತ್ತಿದ್ದವು. ಹಿಂದಿನ ದಿನ, ಹೆಂಗಸರಿಗೆ ಪುಕ್ಕಟೆಯಾದ ಬಸ್ಸಿನಲ್ಲಿ ಇಬ್ಬರೂ ಬಳ್ಳಿಗಾವಿಗೆ ಹೋಗಿ, ದೇವಸ್ಥಾನದ ಮುಂದೆ ಬುತ್ತಿ ಬಿಚ್ಚಿ ಉಂಡು ಬಂದಿದ್ದರಂತೆ.

ಅಡಿಗೆಮನೆಯಲ್ಲಿ ಅತ್ತೆ ಮೆಲ್ಲಗೆ ಹೇಳಿದರು: "ಅವ್ರು ಗಂಡ ಹೋದ ಮೇಲೆ ಹೋಳಿಗೆನೇ ಮಾಡಿರ್ಲಿಲ್ವಂತೆ. ಒಬ್ಳಿಗೆ ಯಾರು ಹೂರಣ ರುಬ್ತಾರೆ ಅಂದ್ರು. ನೀನು ಮೇಲೇ ಇರ್ತೀಯಲ್ಲ ಮಾರಾಯ, ಒಂದಿನ ಕೇಳ್ಬಾರ್ದಾ?"

ಎರಡು ಬಸ್ಸು ಬದಲಿಸಿ ಮುಪ್ಪಿನ ಬೇಜಾರು ಹುಡುಕಿಕೊಂಡು ಹೋದವನಿಗೆ, ಹದಿನೆಂಟು ಮೆಟ್ಟಿಲು ಇಳಿದು ನೋಡುವುದು ಹೊಳೆದಿರಲಿಲ್ಲ.

ಆಲ್ಬಮ್ಮು ಯಾರೂ ನೋಡಲಿಲ್ಲ. ನನ್ನ ಮಾವನ ಸುದ್ದಿ, ಓನರಮ್ಮನ ಗಂಡನ ಸುದ್ದಿ ಕೆಳಗಡೆ ಬಿಡುವಿಲ್ಲದೆ ನಡೆದಿತ್ತು. ಯಾರ ಗಂಡ ಹೆಚ್ಚು ಮುಂಗೋಪಿ ಎಂಬುದರ ಬಗ್ಗೆ ಜೋರು ವಾದವಾಗಿ, ಒಂದು ಹೊತ್ತು ಇಬ್ಬರೂ ಮಾತು ಬಿಟ್ಟಿದ್ದರು.

ವಾರ ಕಳೆದು ಅತ್ತೆಯನ್ನು ಬಸ್ಸು ಹತ್ತಿಸಲು ಹೋದೆ. ಓನರಮ್ಮನೂ ಬಂದರು. ಬೀಳ್ಕೊಡಲು ಇರಬೇಕೆಂದುಕೊಂಡರೆ, ಅವರು ಚೀಲ ಸಮೇತ ಅತ್ತೆಯ ಪಕ್ಕದಲ್ಲೇ ಕೂತರು.

"ನಾಲ್ಕು ದಿನ ಜಡೆಗೆ ಹೋಗಿ ಬರ್ತೀನ್ರೀ ಮೇಷ್ಟ್ರೇ," ಎಂದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಮುಂಬಾಗಿಲಿಗೆ ದಿನಾ ನೀರು ಹಾಕಿ ರಂಗೋಲಿ ಬಿಡ್ರಿ. ಬರ್ತದಲ್ರೀ?"

ಬರುವುದಿಲ್ಲ ಎನ್ನುವಷ್ಟರಲ್ಲಿ ಬಸ್ಸು ಹೊರಟಿತು.