ಇಲ್ಲ ಅನ್ನಿಸದ ನಾಗರತ್ನ ಮೇಡಂ

ನಾಗರತ್ನ ಮೇಡಂ ಮನೆಯೊಳಗೆ ಬಂದು ಕೂತರೂ ತಲೆಯ ಹೆಲ್ಮೆಟ್ ತೆಗೆಯುತ್ತಿರಲಿಲ್ಲ. ಕಾಫಿ ಕೊಟ್ಟರೆ ಮುಂದಿನ ಗಾಜನ್ನು ಮೇಲೆತ್ತಿ ಒಂದು ಗುಟುಕು ಕುಡಿದು ಮತ್ತೆ ಇಳಿಸಿಕೊಳ್ಳುತ್ತಿದ್ದರು. "ತೆಗೆದ್ರೆ ಮರ್ತು ಹೊರಟುಬುಡ್ತೀನಿ ಕಣಜ್ಜಿ. ಹೋದ ಸಲದ್ದು ಬನ್ನಿಮಂಟಪದಲ್ಲಿ ಯಾರ ಮನೇಲೈತೋ!"

ಆಸ್ಪತ್ರೆ ಕಾರ್ಡಿನಲ್ಲಿ ಹೆಸರಿರುವವರು ನಿಜವಾಗಿ ಆ ಮನೆಯಲ್ಲೇ ವಾಸವಿದ್ದಾರೆಯೇ, ಒಬ್ಬರ ಹೆಸರು ಎರಡು ಕಡೆ ಸೇರಿದೆಯೇ ಎಂದು ಮನೆಮನೆಗೆ ಬಂದು ನೋಡುವುದು ಅವರ ಕೆಲಸ.

ನನ್ನ ಮಗಳು ಸವಿತಾಳನ್ನು ಹುಣಸೂರಿಗೆ ಕೊಟ್ಟಿದ್ದೆವು. ಹೆರಿಗೆಗೆಂದು ನಮ್ಮಲ್ಲಿಗೆ ಬಂದವಳಿಗೆ ದಿನ ತುಂಬುವ ಮೊದಲೇ ಮಗುವಾಯಿತು. ಅಂಗೈಯಗಲದ ಹೆಣ್ಣುಮಗು! ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಆಗ ಆಸ್ಪತ್ರೆಯವರು, "ತಾಯಿ ಹೆಸರು ಮೈಸೂರಲ್ಲೂ ಇದೆ, ಹುಣಸೂರಲ್ಲೂ ಇದೆ. ವಾಸ ಎಲ್ಲಿ ಅಂತ ಗೊತ್ತಾಗೋ ತನಕ ಕಾರ್ಡು ನಡೆಯಲ್ಲ" ಎಂದುಬಿಟ್ಟರು. ಕಾರ್ಡಿಲ್ಲದೆ ಆ ಖರ್ಚು ತಡೆಯುವ ಮನೆಯೇ ನಮ್ಮದು?

ಮರುದಿನವೇ ಹೆಲ್ಮೆಟ್ ಬಂತು.

"ಅಜ್ಜಿ, ಹಿಂದೆ ನಮ್ಮೋರು ವಿಚಾರಿಸಕ್ಕೆ ಬಂದಾಗ ಮಗಳು ಇಲ್ಲೇ ಇದ್ದಾಳೆ ಅಂದ್ರಂತೆ?"

"ಮತ್ತೇನನ್ನಲಿ? ದೀಪ ಹಚ್ಚೋ ಹೊತ್ನಲ್ಲಿ ಬಂದು 'ಸವಿತಾ ಇದ್ದಾರಾ' ಅಂದ್ರು. ಬಸುರಿ ಮಗಳನ್ನ ಇಲ್ಲ ಅನ್ನಕ್ಕಾಯ್ತದಾ? ಇದ್ದಾಳೆ ಅಂದೆ. ಚೆನ್ನಾಗಿದ್ದಾಳೆ ಅಂದೆ."

ಹೆಲ್ಮೆಟ್ ಅಲ್ಲಾಡುವಷ್ಟು ನಕ್ಕರು. "ಸರಿ, ನಾನು ಹಂಗೆ ಕೇಳಲ್ಲ. ಸವಿತಾ ಸಂಸಾರ ಎಲ್ಲೈತೆ?"

"ಹುಣಸೂರಲ್ಲಿ."

"ಬಾಣಂತನ ಮುಗಿದ್ಮೇಲೆ ಎಲ್ಲಿಗೆ?"

"ಇನ್ನೆಲ್ಲಿಗೆ, ಗಂಡನ ಮನೆಗೆ."

"ಅಷ್ಟೇ ಬೇಕಾಗಿದ್ದು ನೋಡಿ." ಪಕ್ಕದ ಮನೆ ಜಯಮ್ಮನನ್ನು ಕರೆದು ಕೇಳಿದರು. ಹುಣಸೂರಿಗೂ ಫೋನ್ ಮಾಡಿ ವಿಚಾರಿಸಿದರು.

"ಹಂಗಾರೆ ನಮ್ಮನೆ ಕಾರ್ಡಿಂದ ಹೆಸರು ಹೊಡೆದಾಕ್ತೀರಾ?" ಎಂದೆ.

"ಹೊಡೆದಾಕದ್ಯಾಕೆ? ಮದುವೇಲಿ ಮಗಳನ್ನ ಕಳಿಸಿದ್ರಿ, ಹೆಸರನ್ನ ಕಳಿಸ್ಲಿಲ್ಲ. ಪಾಪ, ಅದೊಂದು ತವರಲ್ಲೇ ಕೂತದೆ. ಈಗ ಕಳಿಸ್ಕೊಡಿ."

ಹೀಗೆ ಹೇಳಿದರೆ ಯಾವ ತಾಯಿ ಒಲ್ಲೆ ಅಂದಾಳು! ಅವರ ಹಣೆಗೆ ಕುಂಕುಮವಿಟ್ಟು ಹೆಸರನ್ನು ಕಳಿಸಿಕೊಟ್ಟೆ. ಸಂಜೆಯೊಳಗೆ ಕಾರ್ಡು ನಡೆಯಿತು. ನನ್ನ ಪುಟ್ಟಿ ಗಾಜಿನ ಪೆಟ್ಟಿಗೆಯಿಂದ ಎದ್ದು ಬಂದಳು. ಈಗ ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋದರೆ ಅಷ್ಟು ದೊಡ್ಡ ನಂದಿಗೇ ಗದರುತ್ತಾಳೆ, ನನ್ನ ಬಂಗಾರ!

ವರ್ಗವಾದಾಗ ಮೇಡಂ ಹೇಳಿಹೋಗಲು ಬಂದಿದ್ದರು. ಅಂದು ಪುಟ್ಟಿ ಇಲ್ಲೇ ಇದ್ದಳು. ತೊಡೆಯೇರಿ ಹೆಲ್ಮೆಟ್ಟಿಗೇ ಕೈ ಹಾಕಿದಳು. ಆಗ ಮೊದಲ ಸಲ ಅವರು ಅದನ್ನು ತೆಗೆದರು. ಗುಂಗುರು ಕೂದಲು, ಅದರಲ್ಲೊಂದು ಬಾಡಿದ ಮಲ್ಲಿಗೆ. ಪುಟ್ಟಿಯನ್ನು ಮುದ್ದಾಡಿ, ಗಾಡಿ ಹತ್ತಿ ಹೊರಟೇಹೋದರು.

ಮೊನ್ನೆ ಹೊಸಬರೊಬ್ಬರು ಬಂದು, "ಅಜ್ಜಿ, ಮಗಳು ಇದ್ದಾರಾ?" ಎಂದರು.

"ಎಲ್ಲಿದ್ದಾರೆ ಅಂತ ಕೇಳಪ್ಪ," ಎಂದು ಕಲಿಸಿಕೊಟ್ಟೆ.

ಕಾಂಪೌಂಡಿನಾಚೆಯಿಂದ ಜಯಮ್ಮ ಕೂಗಿದಳು: "ಆ ನಾಗರತ್ನ ಮೇಡಂ ಇಲ್ವಾ ಈಗ?"

"ನಂಜನಗೂಡಲ್ಲವ್ರೆ ಕಣೇ! ಅವರ ಹೆಲ್ಮೆಟ್ ಮಾತ್ರ ನಮ್ಮನೇಲೇ ವಾಸ."