ಕೂಳೆ ಜೋಳ ಮೇದ ಎಮ್ಮೆ

ಆ ವರ್ಷದ ನನ್ನ ದಿನಚರಿಯಲ್ಲಿ ಶ್ರಾವಣದಿಂದ ಕಾರ್ತಿಕದವರೆಗೆ ಪ್ರತಿ ಪುಟದ ಮೂಲೆಯಲ್ಲಿ ಹಾಲಿನ ಲೆಕ್ಕವಿದೆ. ಹಾಲು ಅಕ್ಕನದು. ಸಿ. ಬೆಳಗಲ್‌ನ ಗಂಡನ ಮನೆಯಿಂದ ಅವಳು ಮಗುವನ್ನು ಎತ್ತಿಕೊಂಡು ಬಂದಾಗ, ಬೆನ್ನಿನ ಬಾಸುಂಡೆ ನೋಡಿ ಅವ್ವ ಎಣ್ಣೆ ಕಾಯಿಸಿ ಹಚ್ಚಿದಳು. ಅಪ್ಪ ಹಟ್ಟಿಯ ಎಮ್ಮೆ ತೋರಿಸಿ ಹೇಳಿದ: “ಇದರ ಹಾಲು ಮಾರಿ ನಿಂದು, ಕೂಸಿಂದು ನೋಡಿಕೋ ಯವ್ವಾ. ನಿಮ್ಮ ಅತ್ತಿಗಿ ಬಾಯಿ ಅಷ್ಟರಿಂದನ ಮುಚ್ಚಬೇಕು.”

ಮುಂಗಾರಿ ಜೋಳ ಕೊಯ್ದ ಮೇಲೆ ಅಕಾಲದ ಮಳೆಯೊಂದು ಬಿತ್ತು. ನೆಲದಲ್ಲಿ ಉಳಿದ ಕೂಳೆಗಳು ಚಿಗುರಿದವು. ಆಮೇಲೆ ಬಿಸಿಲಿಗೆ ಎಲೆ ಸುರುಳಿಗಟ್ಟಿತು. ಆಸ್ಪರಿ ಕಡೆಯ ನಮ್ಮ ಹಳ್ಳಿಯಲ್ಲಿ ಅಂಥ ಹೊಲಕ್ಕೆ ದನವನ್ನು ನೇರ ಬಿಡುವುದಿಲ್ಲ. ಮೊದಲು ಒಂದು ಮುದಿ ಕುರಿಯನ್ನು ಬಿಡುತ್ತಾರೆ. ಸಂಜೆಗೆ ಅದು ಮೆಲುಕು ಹಾಕುತ್ತಿದ್ದರೆ ಮರುದಿನ ದನ. ಮುಂದಿನ ಹಲ್ಲು ಉದುರಿದ ನಮ್ಮ ಕುರಿ ಸಂಜೆಗೆ ಚೆನ್ನಾಗಿಯೇ ಮೆಲುಕು ಹಾಕುತ್ತಿತ್ತು.

“ನಾಳೆ ಒಂದು ಪಾವು ಹೆಚ್ಚು ಬರತೈತಿ ತಮ್ಮಾ, ಈಗ್ಲೇ ಬರಕೋ,” ಅಂದಳು ಅಕ್ಕ.

“ಮೊದಲ ಹಿಂಡು, ಆಮ್ಯಾಲ ಬರೀತೀನಿ.”

“ದೊಡ್ಡ ಕರಣಿಕ ನೋಡು ಇಂವ!” ಎಂದು ನಕ್ಕಳು. ಬಂದ ಮೇಲೆ ಅವಳು ನಕ್ಕಿದ್ದು ಕಡಿಮೆ.

ರಾತ್ರಿಯೆಲ್ಲ ಖಾಲಿ ಹೊಟ್ಟೆಯಲ್ಲಿ ಕಟ್ಟಿದ್ದ ಎಮ್ಮೆ ಬೆಳಿಗ್ಗೆ ಹೊಲಕ್ಕೆ ನುಗ್ಗಿ ಬರಬರ ಮೇಯಿತು. ಬಿಸಿಲು ಏರುವ ಮೊದಲೇ ಕಾಲು ನಡುಗಿದವು. ಬಾಯಿ ತೆರೆದು ಗಾಳಿ ಎಳೆಯುತ್ತ ಎಮ್ಮೆ ಕುಸಿಯಿತು. ಅಪ್ಪ ಮಜ್ಜಿಗೆಯಲ್ಲಿ ಬೆಲ್ಲ ಕಲಸಿ ಹೊಯ್ದ. ಎಲ್ಲ ದವಡೆಯಿಂದ ಹೊರಗೇ ಹರಿಯಿತು. ಸ್ವಲ್ಪ ಹೊತ್ತಿಗೆ ಎಮ್ಮೆಯ ಉಸಿರು ನಿಂತಿತು.

ಆಸ್ಪರಿಗೆ ದನಗಳಿಗೆ ಸೂಜಿ ಹಾಕಲು ಬಂದಿದ್ದ ಆದೋನಿಯ ದನದ ಡಾಕ್ಟರನ್ನು ಮಧ್ಯಾಹ್ನ ಅಣ್ಣ ಕರೆತಂದ. ಅವರು ಸತ್ತ ಎಮ್ಮೆಯ ಕಿವಿ ಕೊಯ್ದರು. ರಕ್ತ ಕುಂಕುಮದಷ್ಟು ಕೆಂಪಗಿತ್ತು.

“ಚೂಡಪ್ಪಾ, ನೋಡಿಲ್ಲಿ, ರಕ್ತದಾಗ ಉಸಿರಿನ ಗಾಳಿ ತುಂಬೈತಿ, ಅದಕ್ಕ ಇಷ್ಟು ಕೆಂಪು,” ಅಂದರು ತೆಲುಗು ಬೆರೆಸಿ. “ಮೈಯಾಗಿನ ಒಂದೊಂದು ಜೀವಕೋಶನೂ ಒಂದು ಒಲಿ ಇದ್ದಂಗ. ತಿಂದದ್ದನ್ನ ಈ ಗಾಳಿಯಾಗ ಉರಿಸಿ ಶಕ್ತಿ ಮಾಡ್ತಾವು. ಉರಿಸೋ ಕೆಲಸ ಎಂಜೈಮ್‌ದು. ವಿಷ ಅದಕ್ಕ ಕಚ್ಚಿಕೊಂಡ್ರ ಒಲಿ ಆರ್ತಾವು. ಗಾಳಿ ಇದ್ದೂ ಉಪಯೋಗಿಲ್ಲ.”

“ವಿಷ ಹಾಕಿದೋರು ಯಾರ್ರೀ?” ಅಪ್ಪನ ಧ್ವನಿ ಏರಿತು.

“ಯಾರೂ ಹಾಕಿಲ್ಲ ಯಜಮಾನಾ. ಈ ಚಿಗುರಿನ ಎಲಿಯೊಳಗ ಎರಡು ಸಾಮಾನು ಬ್ಯಾರೆ ಬ್ಯಾರೆ ಕೋಣ್ಯಾಗ ಇರ್ತಾವು. ಒಂದು, ವಿಷ ಕಟ್ಟಿಟ್ಟ ಗಂಟು. ಇನ್ನೊಂದು, ಆ ಗಂಟು ಬಿಚ್ಚೋ ಬ್ಯಾರೆ ಒಂದು ಎಂಜೈಮ್. ಅಗಿದ್ರ ಗೋಡಿ ಒಡದು ಎರಡೂ ಕೂಡತಾವು.”

“ನಿನ್ನಿ ಇದನ್ನ ತಿಂದ ಹಲ್ಲಿಲ್ಲದ ಕುರಿ ಬದುಕೈತಲ್ರೀ!”

“ಅದರ ಹೊಟ್ಟಿ ಖಾಲಿ ಇತ್ತೇನು?”

ಅಪ್ಪ ತಲೆ ತಗ್ಗಿಸಿದ. ಕುರಿ ಹೊಲಕ್ಕೆ ಹೋಗುವ ಮೊದಲೇ ಶೇಂಗಾ ಹೊಟ್ಟು ತಿಂದಿದ್ದು ಎಲ್ಲರಿಗೂ ಗೊತ್ತಿತ್ತು.

“ಹಲ್ಲಿಲ್ಲ, ಹಸಿವಿಲ್ಲ. ಮೆಲ್ಲಗ ತಿಂದೈತಿ. ಚೂರು ಚೂರು ಬಂದ ವಿಷ ಮೈನೇ ಅರಗಿಸಿಕೊಳ್ತೈತಿ. ಹಸಿದದ್ದು ಸಾಯ್ತೈತಿ.”

ಮಗುವನ್ನು ಸೊಂಟಕ್ಕಿಟ್ಟು ನಿಂತಿದ್ದ ಅಕ್ಕ ಒಂದೇ ಮಾತು ಕೇಳಿದಳು. “ಬ್ಯಾರೆ ಬ್ಯಾರೆ ಇದ್ದಷ್ಟು ದಿನ ಏನೂ ಆಗಾಂಗಿಲ್ಲೇನ್ರಿ?”

“ಏನೂ ಆಗಾಂಗಿಲ್ಲ ತಾಯಿ.”

ಅಂದು ಸಂಜೆ ಅತ್ತಿಗೆ ಖಾಲಿ ಹಾಲಿನ ಚೆಂಬನ್ನು ತೊಳೆದು ಬೋರಲು ಹಾಕಿದಳು. ಅಪ್ಪನೇ ಸಿ. ಬೆಳಗಲ್‌ಗೆ ಹೇಳಿಕಳಿಸಿದ. ಮುಂದಿನ ವಾರ ಅಕ್ಕನನ್ನು ಕರೆದೊಯ್ಯಲು ಗಂಡನ ಮನೆಯ ಗಾಡಿ ಬಂತು.

“ಹೋಗಿ ನೋಡು ಯವ್ವಾ. ಮತ್ತ ಹಂಗ ಮಾಡಿದ್ರ ಬಂದುಬಿಡು,” ಅಂದ ಅಪ್ಪ.

“ಬಂದ್ರ ಯಾವ ಎಮ್ಮಿ ಐತಿ ಅಪ್ಪಾ?”

ಅಪ್ಪ ಮಗುವನ್ನು ಎತ್ತಿ ಗಾಡಿಯಲ್ಲಿ ಕೂರಿಸಿದ. ಊರ ಗಡಿಯವರೆಗೆ ನಾನು ಗಾಡಿಯ ಹಿಂದೆ ನಡೆದೆ. ಕೂಳೆ ಹೊಲದ ಬದುವಿನ ಮೇಲೆ ಆ ಮುದಿ ಕುರಿ ನಿಂತು ಮೆಲುಕು ಹಾಕುತ್ತಿತ್ತು. ಗಾಡಿ ತಿರುವು ದಾಟುವತನಕ ಅಕ್ಕ ಅದನ್ನೇ ನೋಡುತ್ತ ಹೋದಳು.